ತಾವಿದ್ದೂ ಹೀಗಾಯಿತಲ್ಲ: ಪ್ರತಿಕಾಯ ಮಹಾಶಯರಿಗೊಂದು ಬಹಿರಂಗ ಪತ್ರ

ಗೆ,
ಶ್ರೀ ಪ್ರತಿಕಾಯ ಮಹಾಶಯರು,
ರಕ್ತ ವಿಭಾಗ, ಮಾನವ ದೇಹ.

ವಿಷಯ: ಎಚ್‌ಐವಿ ಪ್ರಕರಣದಲ್ಲಿ ತಮ್ಮ ಕರ್ತವ್ಯಪಾಲನೆ ಹಾಗೂ ಮರುಸೋಂಕಿನ ಬಗ್ಗೆ.

ಮಾನ್ಯರೇ,

ತಮ್ಮ ಹೆಸರು ಕೇಳದವರಿಲ್ಲ. ಸಿಡುಬು ಭೂಮಿಯಿಂದಲೇ ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿದಾಗ ಹಾರ ತುರಾಯಿಯೆಲ್ಲ ಲಸಿಕೆಯ ಪಾಲಾಯಿತು. ಒಳಗೆ ನಿಂತು ಬಡಿದಾಡಿದವರು ತಾವು ಮತ್ತು ತಮ್ಮ ಬಳಗ ಎಂಬುದು ಬಲ್ಲವರಿಗೆ ಗೊತ್ತು. ದಡಾರ ಒಮ್ಮೆ ಬಂದವರಿಗೆ ಮತ್ತೆ ಬಾರದಂತೆ ಜೀವಮಾನವಿಡೀ ಕಾಯುವವರು ತಾವು. ಹುಚ್ಚುನಾಯಿ ಕಚ್ಚಿದರೆ ಗಾಯದ ಸುತ್ತ ಚುಚ್ಚುವ ಸೀರಮ್ಮಿನಲ್ಲಿ ಇರುವವರೂ ತಾವೇ. ಕೋವಿಡ್ ಕಾಲದಲ್ಲಂತೂ ತಮ್ಮ ಹೆಸರು ಹೋಟೆಲಿನ ಟೇಬಲ್ಲಿಗೂ ಬಂತು. ಉಳ್ಳವರು ದುಡ್ಡು ಕೊಟ್ಟು ರಕ್ತ ಪರೀಕ್ಷೆ ಮಾಡಿಸಿ, ‘ನನಗೆ ಆಂಟಿಬಾಡಿ ಇಷ್ಟಿದೆ, ನಿನಗೆಷ್ಟು?’ ಎಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ರಿಪೋರ್ಟ್ ಹಾಕಿಕೊಂಡರು. ಎಸ್ಸೆಸ್ಸೆಲ್ಸಿ ಅಂಕಕ್ಕೂ ಅಷ್ಟು ಬೀಗಿದ್ದಿರಲಾರರು.

ಇಷ್ಟು ಹೆಸರು ಮಾಡಿದವರಿಗೆ ಪತ್ರ ಬರೆಯಲು ನನಗೇನು ಯೋಗ್ಯತೆ ಎಂದು ಕೇಳಬಹುದು. ನಾನು ಒಂದು ತಾಲ್ಲೂಕು ಆಸ್ಪತ್ರೆಯ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ (ಐಸಿಟಿಸಿ) ಆಪ್ತ ಸಮಾಲೋಚಕಿ. ಎಚ್‌ಐವಿ ಪರೀಕ್ಷೆಗೆ ಬಂದವರನ್ನು ಮೊದಲು ಕೂರಿಸಿ ಮಾತಾಡಿಸುವವಳು ನಾನು, ಫಲಿತಾಂಶ ಹೇಳುವವಳೂ ನಾನೇ. ಹಾಗಾಗಿ ತಮ್ಮೊಡನೆ ನನಗೆ ದಿನನಿತ್ಯದ ಒಡನಾಟವಿದೆ. ಊರಿಗೆಲ್ಲ ತಾವು ಬಂದರೆ ಶುಭ. ನನ್ನ ಕೊಠಡಿಯಲ್ಲಿ ತಾವು ಕಾಣಿಸಿಕೊಂಡರೆ ಯಾರೂ ಸಿಹಿ ಹಂಚುವುದಿಲ್ಲ.

ತಾವು ಕಾಣಿಸಿಕೊಳ್ಳುವ ಬಗೆಯನ್ನು ಓದುಗರಿಗಾಗಿ ಹೇಳಿಬಿಡುತ್ತೇನೆ. ಬೆರಳುದ್ದದ ಪ್ಲಾಸ್ಟಿಕ್ ಕಿಟ್. ಅದರ ಒಂದು ತುದಿಯ ಗುಂಡಿಗೆ ಒಂದು ಹನಿ ರಕ್ತ, ಅದರ ಬೆನ್ನಿಗೇ ಬಫರ್ ದ್ರವದ ಹನಿ. ತಿಳಿಗೆಂಪು ನೆರಳೊಂದು ಬಿಳಿ ಪಟ್ಟಿಯ ಮೇಲೆ ಮೆಲ್ಲಗೆ ಏರುತ್ತದೆ. ‘ಸಿ’ ಅಕ್ಷರದ ಎದುರು ಒಂದು ಗೆರೆ ಮೂಡುತ್ತದೆ. ಅದು ಕಿಟ್ ಕೆಟ್ಟಿಲ್ಲ ಎಂಬುದರ ಗುರುತು, ಅಷ್ಟೆ. ನಮ್ಮ ಲ್ಯಾಬ್ ಟೆಕ್ನಿಷಿಯನ್ನಿನ ಕಣ್ಣೆಲ್ಲ ‘ಟಿ’ ಅಕ್ಷರದ ಎದುರಿನ ಖಾಲಿ ಜಾಗದ ಮೇಲೆ. ಅಲ್ಲಿ ಎರಡನೇ ಗೆರೆ ಬಂದರೆ ಅದು ತಾವು. ವೈರಾಣುವಿನ ಪ್ರೋಟೀನನ್ನು ಆ ಜಾಗದಲ್ಲಿ ಮೊದಲೇ ಸವರಿಟ್ಟಿರುತ್ತಾರೆ. ತಾವು ಅದನ್ನು ಕಂಡಕೂಡಲೇ ಗಬಕ್ಕನೆ ಹಿಡಿದುಕೊಳ್ಳುತ್ತೀರಿ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ತಮ್ಮ ಹಿಡಿತ ಬಲು ಬಿಗಿ. ಒಂದಕ್ಕೆ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳಬೇಕೆಂಬುದು ನಿಯಮ. ಮೂರರಲ್ಲೂ ತಾವು ಚಾಚೂ ತಪ್ಪದೆ ಹಾಜರು. ಆಮೇಲೆ ಆ ಕಾಗದ ನನ್ನ ಮೇಜಿಗೆ ಬರುತ್ತದೆ. ಪಾಸಿಟಿವ್.

ಕಳ್ಳತನವಾದ ಮನೆಗೆ ಮಾರನೇ ದಿನ ಪೊಲೀಸರು ಬಂದು ಮಹಜರು ಬರೆಯುತ್ತಾರಲ್ಲ, ಎಚ್‌ಐವಿಯ ಮಟ್ಟಿಗೆ ತಮ್ಮ ಕೆಲಸ ಅದೇ. ಬೀಗ ಒಡೆದಿದೆ, ಕಪಾಟು ತೆರೆದಿದೆ, ಹೆಜ್ಜೆಗುರುತು ಹೀಗಿದೆ ಎಂದು ಒಂದಕ್ಷರ ಬಿಡದೆ ದಾಖಲಿಸುತ್ತೀರಿ. ದಾಖಲೆಯಲ್ಲಿ ತಪ್ಪಿಲ್ಲ. ಕಳ್ಳ ಮಾತ್ರ ಅಟ್ಟದ ಮೇಲೇ ಇದ್ದಾನೆ.

ನಮ್ಮ ದೇಶದಲ್ಲಿ ಈ ರೋಗದ ಮೊದಲ ಮಹಜರು ಬರೆದವರೂ ತಾವೇ ಎಂಬುದನ್ನು ಮರೆಯಲಾಗದು. 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿ ಸಂಗ್ರಹಿಸಿ ವೆಲ್ಲೂರಿನ ಸಿಎಂಸಿ ಪ್ರಯೋಗಾಲಯಕ್ಕೆ ಒಯ್ದಾಗ, ‘ಇದೆಲ್ಲ ಅಮೆರಿಕದವರ ರೋಗ, ನಮಗೆಲ್ಲಿಂದ ಬರಬೇಕು’ ಎಂದು ಕುಳಿತಿದ್ದ ದೇಶಕ್ಕೆ ಸುದ್ದಿ ಮುಟ್ಟಿಸಿದ್ದು ತಾವು. ಅಂದಿನಿಂದ ಇಂದಿನವರೆಗೆ ಇಲ್ಲಿನ ಎಚ್‌ಐವಿ ಲೆಕ್ಕವೆಲ್ಲ ಬಹುಮಟ್ಟಿಗೆ ತಮ್ಮ ಸಹಿಯ ಮೇಲೆಯೇ ನಡೆದಿದೆ.

ಸಾಕ್ಷಿ ಹೇಳುವುದರಲ್ಲೂ ತಾವು ಎಡವಿದ್ದುಂಟು. ಸೋಂಕಿರುವ ತಾಯಿಯ ರಕ್ತದಿಂದ ಮಾಸು ದಾಟಿ ಮಗುವಿನ ಮೈಗೆ ಇಳಿಯುತ್ತೀರಿ. ಹುಟ್ಟಿದ ಕೂಸಿಗೆ ಸೋಂಕು ಇರಲಿ ಬಿಡಲಿ, ಹದಿನೆಂಟು ತಿಂಗಳವರೆಗೂ ಪರೀಕ್ಷೆಯಲ್ಲಿ ಗೆರೆ ಎಳೆಯಬಲ್ಲಿರಿ. ಅದಕ್ಕೇ ನಾವು ಆರು ವಾರದ ಮಗುವಿನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ, ವೈರಾಣುವಿನ ವಂಶದ್ರವ್ಯವನ್ನೇ ಹುಡುಕುವ ದೊಡ್ಡ ಲ್ಯಾಬಿಗೆ ಕಳಿಸುತ್ತೇವೆ. ತಮ್ಮ ಮಾತು ಅಲ್ಲಿ ನಡೆಯುವುದಿಲ್ಲ. ಇನ್ನೊಂದು ತಮಾಷೆಯಿದೆ. ಹೊರದೇಶಗಳಲ್ಲಿ ಎಚ್‌ಐವಿ ಲಸಿಕೆಯ ಪ್ರಯೋಗಕ್ಕೆ ತೋಳೊಡ್ಡಿದ ಆರೋಗ್ಯವಂತರ ಮೈಯಲ್ಲಿ ತಾವು ಹುಟ್ಟಿಕೊಂಡಿರಿ. ವೈರಾಣು ಇಲ್ಲ, ರಕ್ಷಣೆಯೂ ಇಲ್ಲ, ಪರೀಕ್ಷೆ ಮಾತ್ರ ಪಾಸಿಟಿವ್! ಪುಕ್ಕಟೆ ಸಮಾಜಸೇವೆಗೆ ಹೋದವರು ‘ನಮಗೆ ಎಚ್‌ಐವಿ ಇಲ್ಲ ಸ್ವಾಮಿ’ ಎಂದು ಸರ್ಟಿಫಿಕೇಟ್ ಹಿಡಿದು ಓಡಾಡುವಂತೆ ಮಾಡಿದಿರಿ.

ಇವೆಲ್ಲ ಚಿಲ್ಲರೆ ದೂರು. ನಾನು ಲೇಖನಿ ಹಿಡಿದದ್ದು ಬೇರೆ ಕಾರಣಕ್ಕೆ.

ನಮ್ಮಲ್ಲಿಗೆ ಬರುವ ದಂಪತಿಗಳಲ್ಲಿ ಇಬ್ಬರಿಗೂ ಸೋಂಕಿರುವುದು ಸಾಮಾನ್ಯ. ಹಾಗೆ ಬಂದ ಒಬ್ಬ ಹೆಣ್ಣುಮಗಳು, ಗಂಡ ಔಷಧಿ ತರಲು ಹೊರಗೆ ಹೋಗಿದ್ದ ಹೊತ್ತಿನಲ್ಲಿ, ನಾನು ಮೇಜಿನ ಮೇಲಿಟ್ಟ ನಿರೋಧ್ ಪೊಟ್ಟಣವನ್ನು ಒಂದು ಬೆರಳಿನಿಂದ ನನ್ನ ಕಡೆಗೇ ಸರಿಸಿ ಕೇಳಿದಳು: ‘ಅಕ್ಕಾರ, ನನ್ನ ಮಗಗ ಅಮ್ಮ ಬಂದು ಹೋಗ್ಯಾಳ್ರೀ. ಒಮ್ಮೆ ಬಂದ್ರ ಮತ್ತ ಬರೂದಿಲ್ಲ ಅಂತಾರ. ಇದೂ ಹಂಗ ಅಲ್ಲೇನ್ರೀ? ಇಬ್ಬರಿಗೂ ಬಂದದ. ಇನ್ನ ಇದ್ಯಾಕ್ರೀ?’

ನೋಡಿ ಮಹಾಶಯರೇ, ಆಕೆ ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ಆದರೆ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನಿಂದ ಕಲಿತ ಪಾಠವನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದಳು. ಬಂದದ್ದು ಮತ್ತೆ ಬರುವುದಿಲ್ಲ. (ಆ ಅಮ್ಮನೇ ನರದೊಳಗೆ ಅಡಗಿ ಕುಳಿತು ಎಷ್ಟೋ ವರ್ಷದ ಮೇಲೆ ಸರ್ಪಸುತ್ತಾಗಿ ಏಳುವುದು ಬೇರೆ ಕಥೆ.) ಆಕೆಯ ತರ್ಕದಲ್ಲಿ ಹುಳುಕಿಲ್ಲ. ಹುಳುಕು ಇರುವುದು ತಮ್ಮಲ್ಲಿ. ತಾವು ಬೇರೆ ರೋಗಗಳಲ್ಲಿ ಗಳಿಸಿದ ಹೆಸರನ್ನು ನಂಬಿ ಆಕೆ ಎಚ್‌ಐವಿಯಲ್ಲೂ ತಮಗೆ ಸಾಲ ಕೊಡಲು ಮುಂದಾಗಿದ್ದಳು.

ಇಲ್ಲಿ ತಮ್ಮ ಪರವಾಗಿ ನಾಲ್ಕು ಮಾತು ಆಡದಿದ್ದರೆ ಅನ್ಯಾಯವಾದೀತು. ಎದುರಾಳಿ ಸಾಮಾನ್ಯನಲ್ಲ. ಫ್ಲೂ ವೈರಾಣುವಿನ ಮೈಮೇಲೆ ನಾನೂರಕ್ಕೂ ಹೆಚ್ಚು ಮುಳ್ಳುಗಳಿರುತ್ತವಂತೆ, ತಾವು ಎರಡು ಕೈಯಲ್ಲೂ ಒಂದೊಂದು ಹಿಡಿದು ಜೋತುಬೀಳಬಹುದು. ಎಚ್‌ಐವಿಗೆ ಇರುವುದು ಸುಮಾರು ಹದಿನಾಲ್ಕು ಮುಳ್ಳು ಮಾತ್ರ, ಅವೂ ದೂರ ದೂರ. ಒಂದು ಕೈ ಸಿಕ್ಕರೆ ಇನ್ನೊಂದು ಗಾಳಿಯಲ್ಲಿ. ಸಿಕ್ಕ ಮುಳ್ಳೂ ಬರಿಮೈಯಲ್ಲಿ ಇರುವುದಿಲ್ಲ. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆಯ ಸರಪಣಿಗಳು, ಅದೂ ನಮ್ಮದೇ ಜೀವಕೋಶ ತಯಾರಿಸಿ ತೊಡಿಸಿದ ಸಕ್ಕರೆ. ಮನೆಯವರ ಬಟ್ಟೆ ತೊಟ್ಟವನನ್ನು ಹೊಡೆಯುವಂತಿಲ್ಲ ಎಂದು ತಮಗೆ ಹುಟ್ಟಿನಿಂದ ಕಲಿಸಿದೆ. ಸಾಲದ್ದಕ್ಕೆ, ವೈರಾಣು ತನ್ನ ವಂಶದ್ರವ್ಯವನ್ನು ನಕಲು ಮಾಡುವಾಗ ತಪ್ಪು ಮಾಡುತ್ತಲೇ ಹೋಗುತ್ತದೆ. ಚಿಕಿತ್ಸೆ ಇಲ್ಲದ ಮೈಯಲ್ಲಿ ದಿನಕ್ಕೆ ನೂರಾರು ಕೋಟಿ ಹೊಸ ವೈರಾಣು. ಅಷ್ಟರಲ್ಲಿ ಒಂದಿಷ್ಟಕ್ಕೆ ಮುಖಚಹರೆಯೇ ಬದಲು.

ಸ್ಯಾನ್ ಡಿಯಾಗೋದ ಡಗ್ಲಸ್ ರಿಚ್‌ಮನ್ ಮತ್ತು ಸಂಗಡಿಗರು 2003ರಲ್ಲಿ ತಮ್ಮ ಈ ಬೆನ್ನಟ್ಟುವಿಕೆಯನ್ನು ಅಳೆದು ನೋಡಿದರು. ಒಬ್ಬ ಸೋಂಕಿತರಿಂದ ಬೇರೆ ಬೇರೆ ತಿಂಗಳಲ್ಲಿ ತೆಗೆದ ರಕ್ತವನ್ನು, ಅದೇ ವ್ಯಕ್ತಿಯ ಬೇರೆ ಬೇರೆ ತಿಂಗಳ ವೈರಾಣುವಿನ ಎದುರು ನಿಲ್ಲಿಸಿದರು. ಇವತ್ತಿನ ರಕ್ತದಲ್ಲಿರುವ ತಾವು ಕೆಲ ತಿಂಗಳ ಹಿಂದಿನ ವೈರಾಣುವನ್ನು ಚೆನ್ನಾಗಿಯೇ ಸದೆಬಡಿದಿರಿ. ಇವತ್ತಿನ ವೈರಾಣುವಿನ ಎದುರು ಮಾತ್ರ ಕೈಕಟ್ಟಿ ನಿಂತಿರಿ. ಮುಂದಿನ ಸಲದ ರಕ್ತ ನೋಡಿದರೆ, ಅಷ್ಟರಲ್ಲಿ ‘ಇವತ್ತಿನದು’ ತಮಗೆ ಪರಿಚಯವಾಗಿದೆ, ಆದರೆ ವೈರಾಣು ಅಲ್ಲಿಂದ ಕಾಲ್ಕಿತ್ತಾಗಿದೆ. ತಾವು ಸೋಮಾರಿಗಳಲ್ಲ ಎಂಬುದು ಇದರಿಂದ ಸಾಬೀತು. ತಡವಾಗಿ ಬರುವವರು, ಅಷ್ಟೇ.

ಮೊದಲನೇ ವೈರಾಣುವನ್ನು ಹೊರಹಾಕಲಾಗದ್ದಕ್ಕೆ ಇಷ್ಟೂ ಸಬೂಬು ಒಪ್ಪುತ್ತೇನೆ. ಅದು ಜೀವಕೋಶದ ವಂಶದ್ರವ್ಯದೊಳಗೇ ತನ್ನ ಪಾಠ ಸೇರಿಸಿ ಕುಳಿತ ಮೇಲೆ ತಾವು ಒಳಗೆ ಕಾಲಿಡುವಂತಿಲ್ಲ. ಆದರೆ ಎರಡನೆಯದು? ಹೊರಗಿನಿಂದ, ಬೇರೊಬ್ಬರಿಂದ, ಹೊಸದಾಗಿ ಬರುವ ಇನ್ನೊಂದು ತಳಿ? ಆಗ ತಾವು ಮೈತುಂಬ ಇರುತ್ತೀರಿ. ಎಚ್‌ಐವಿ ಎಂದರೇನೆಂದು ತಿಂಗಳುಗಟ್ಟಲೆ, ವರ್ಷಗಟ್ಟಲೆ ತರಬೇತಿ ಆಗಿರುತ್ತದೆ. ಆಗಲಾದರೂ ತಡೆಯಬೇಡವೇ?

2002ರವರೆಗೆ ಬಹಳಷ್ಟು ವಿಜ್ಞಾನಿಗಳೂ ನಮ್ಮ ಆ ಹೆಣ್ಣುಮಗಳ ಹಾಗೆ ತಡೆಯುತ್ತೀರೆಂದೇ ಭಾವಿಸಿದ್ದರು. ಅನುಮಾನಕ್ಕೆ ಆಧಾರವೇನೋ ಇತ್ತು. ಲೋಕದಲ್ಲಿ ಅಲ್ಲಲ್ಲಿ ಮಿಶ್ರತಳಿಯ ಎಚ್‌ಐವಿ ಸಿಗುತ್ತಿತ್ತು. ಎರಡು ತಳಿ ಒಂದೇ ಮೈಯಲ್ಲಿ, ಒಂದೇ ಜೀವಕೋಶದಲ್ಲಿ ಕೂಡದೆ ಮಿಶ್ರಣ ಹುಟ್ಟುವುದು ಸಾಧ್ಯವಿಲ್ಲ. ಆದರೆ ಅವೆರಡೂ ಒಟ್ಟಿಗೇ ಹೊಕ್ಕಿರಬಹುದಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆ ವರ್ಷ ಜಿನೀವಾದಿಂದ ಒಂದು ವರದಿ ಬಂತು. ಆಗ್ನೇಯ ಏಷ್ಯಾದ ಎಇ ತಳಿಯ ಸೋಂಕಿದ್ದ, ಚಿಕಿತ್ಸೆ ನಿಲ್ಲಿಸಿದ್ದ ಒಬ್ಬ ಗಂಡಸು ಬ್ರೆಜಿಲಿಗೆ ರಜೆಗೆ ಹೋಗಿ ಬಂದ. ಬಂದ ಮೇಲೆ ಆತನ ವೈರಲ್ ಲೋಡ್ (ರಕ್ತದಲ್ಲಿನ ವೈರಾಣುವಿನ ಪ್ರಮಾಣ) ಇದ್ದಕ್ಕಿದ್ದಂತೆ ಏರಿತು, ರಕ್ತದಲ್ಲಿ ನೋಡಿದರೆ ಬಿ ತಳಿ. ಅದೇ ವರ್ಷ ಬಾಸ್ಟನ್ನಿನಿಂದ ಇನ್ನೊಂದು ವರದಿ. ಅಲ್ಲಿ ಎರಡೂ ಬಿ ತಳಿಯವೇ. ಮೊದಲನೆಯದನ್ನು ಆ ರೋಗಿಯ ಟಿ ಕೋಶಗಳೆಂಬ ರಕ್ಷಣಾ ಕೋಶಗಳು ಹದ್ದುಬಸ್ತಿನಲ್ಲಿ ಇಟ್ಟಿದ್ದವು, ಎರಡನೆಯದು ಅವನ್ನೂ ದಾಟಿತು. ಕಚೇರಿ ಭಾಷೆಯಲ್ಲಿ ಇದಕ್ಕೆ ‘ಕಾವಲಿದ್ದೂ ಒಳನುಗ್ಗುವಿಕೆ’ ಎನ್ನಬಹುದು.

ಇಲಾಖಾ ವಿಚಾರಣೆ ಶುರುವಾದದ್ದು ಆಗ. ಸ್ಯಾನ್ ಡಿಯಾಗೋದ ಡೇವಿ ಸ್ಮಿತ್ ಮತ್ತು ಜೊತೆಗಾರರು 2006ರಲ್ಲಿ ಮರುಸೋಂಕು ತಗಲಿದ ಮೂವರ ಹಳೆಯ ರಕ್ತವನ್ನು, ತಗಲದೆ ಉಳಿದವರ ರಕ್ತದೊಂದಿಗೆ ಹೋಲಿಸಿದರು. ಮೂವರಲ್ಲೂ, ಮರುಸೋಂಕಿಗೆ ಮುಂಚೆ, ವೈರಾಣುವನ್ನು ನಿಷ್ಕ್ರಿಯಗೊಳಿಸುವ ತಮ್ಮ ದಳ ಇರಲೇ ಇಲ್ಲವೆನ್ನುವಷ್ಟು ಬಡಕಲು. ತಮಗೆ ನೆಮ್ಮದಿಯ ಸುದ್ದಿ: ತಾವು ಇದ್ದಿದ್ದರೆ ತಡೆಯುತ್ತಿದ್ದಿರಿ, ಇರಲಿಲ್ಲ, ಹಾಗಾಗಿ ಬಂತು. ಗೈರುಹಾಜರಿಯ ತಪ್ಪು ಬಿಟ್ಟರೆ ಬೇರೇನೂ ಹೊರಿಸುವಂತಿಲ್ಲ.

ಎರಡೇ ವರ್ಷಕ್ಕೆ, 2008ರಲ್ಲಿ, ಕೀನ್ಯಾದ ಮೊಂಬಾಸಾದಿಂದ ಬಂದ ವರದಿ ಆ ನೆಮ್ಮದಿಯನ್ನು ಕೆಡಿಸಿತು. ಅಲ್ಲಿನ ಲೈಂಗಿಕ ವೃತ್ತಿಯ ಮಹಿಳೆಯರು ವರ್ಷಗಳ ಕಾಲ ತಪ್ಪದೆ ಕ್ಲಿನಿಕ್ಕಿಗೆ ಬಂದು ರಕ್ತ ಕೊಟ್ಟಿದ್ದರು. ಈ ವಿಷಯದಲ್ಲಿ ಲೋಕಕ್ಕೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಅವರ ತೋಳಿನಿಂದ ಬಂದದ್ದು, ಪ್ರಬಂಧಗಳಲ್ಲಿ ಅವರಿಗೆ ಸಿಕ್ಕಿರುವುದು ಕೊನೆಯ ಪುಟದ ಒಂದು ಸಾಲಿನ ಕೃತಜ್ಞತೆ. ಅವರಲ್ಲಿ ಮರುಸೋಂಕಾದ ಆರು ಮಂದಿಯನ್ನು, ಆಗದ ಹದಿನೆಂಟು ಮಂದಿಯೊಂದಿಗೆ ಕ್ಯಾಥರೀನ್ ಬ್ಲಿಶ್, ಜೂಲಿ ಓವರ್‌ಬಾ ಮತ್ತಿತರರು ಹೋಲಿಸಿ ನೋಡಿದರು. ಎರಡನೇ ವೈರಾಣು ಹೊಗುವ ಮುನ್ನದ ರಕ್ತದಲ್ಲಿ ಎರಡೂ ಗುಂಪಿನವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆರರಲ್ಲಿ ನಾಲ್ವರ ಮೈಯಲ್ಲಿ ತಾವು ಸಾಕಷ್ಟು ಬಲವಾಗಿಯೇ, ಹಲವು ತಳಿಗಳನ್ನು ಹಿಡಿಯಬಲ್ಲಷ್ಟು ವಿಸ್ತಾರವಾಗಿಯೇ ಇದ್ದಿರಿ.

ಅಷ್ಟಕ್ಕೇ ಬಿಡಲಿಲ್ಲ ಅವರು. ಒಳಗೆ ಬಂದ ಆ ಎರಡನೇ ವೈರಾಣುವನ್ನೇ ಹಿಡಿದು ಲ್ಯಾಬಿನಲ್ಲಿ ನಕಲು ಮಾಡಿ, ಅದು ಬರುವುದಕ್ಕೆ ಮುಂಚೆ ತೆಗೆದಿಟ್ಟಿದ್ದ ಅದೇ ಮಹಿಳೆಯ ರಕ್ತದ ಎದುರು ಇಟ್ಟರು. ಬಹುತೇಕ ಪ್ರಕರಣಗಳಲ್ಲಿ ತಾವು ಅದನ್ನು ಗುರುತಿಸಿದಿರಿ, ನಿಷ್ಕ್ರಿಯಗೊಳಿಸಿದಿರಿ! ಗಾಜಿನ ತಟ್ಟೆಯಲ್ಲಿ. ಅಂದರೆ ಆ ವೈರಾಣು ಅಪರಿಚಿತವಾಗಿರಲಿಲ್ಲ, ಅದಕ್ಕೆ ವಿಶೇಷ ಕವಚವೂ ಇರಲಿಲ್ಲ. ತಮಗೆ ಅದನ್ನು ಹೊಡೆಯುವ ವಿದ್ಯೆ ಗೊತ್ತಿತ್ತು. ಆದರೂ ಆ ದಿನ, ಆ ಮೈಯಲ್ಲಿ, ಅದು ತಮ್ಮೆದುರೇ ದಾಟಿಹೋಯಿತು. ನಾನು ಈ ಪ್ರಬಂಧದ ಸಾರಾಂಶವನ್ನು ಓದಿದ ಸಂಜೆ ತಮಗೆ ಪತ್ರ ಬರೆಯಬೇಕೆಂದು ತೀರ್ಮಾನಿಸಿದ್ದು. ಗೊತ್ತಿಲ್ಲದವನನ್ನು ಕ್ಷಮಿಸಬಹುದು. ಎಲ್ಲ ಗೊತ್ತಿದ್ದೂ ಅರೆಬರೆ ಮಾಡಿದವರಿಗೆ ಏನೆನ್ನೋಣ?

ಆ ಸಂಶೋಧಕರು ಕೊಟ್ಟ ಕಾರಣ ಸರಳವಾಗಿದೆ: ಸಹಜ ಸೋಂಕಿನಲ್ಲಿ ತಾವು ಹುಟ್ಟುವ ಪ್ರಮಾಣ ಸಾಲದು. ಲ್ಯಾಬಿನಲ್ಲಿ ವೈರಾಣುವನ್ನು ಅರ್ಧಕ್ಕರ್ಧ ತಗ್ಗಿಸುವಷ್ಟು ಇದ್ದರೆ ಸಾಕೆನಿಸುತ್ತದೆ. ನಿಜವಾದ ಮೈಯಲ್ಲಿ, ವೈರಾಣು ಹೊಗುವ ಗಳಿಗೆಯಲ್ಲೇ, ಹೊಗುವ ಜಾಗದಲ್ಲೇ, ಅದರ ಎಷ್ಟೋ ಪಟ್ಟು ಇರಬೇಕು.

ತಮ್ಮಿಂದ ಏನೂ ಪ್ರಯೋಜನವಿಲ್ಲ ಎಂದೂ ಹೇಳುವಂತಿಲ್ಲ, ಅದೇ ಕಷ್ಟ. 2013ರ ಹೊತ್ತಿಗೆ ಮೊಂಬಾಸಾದ 146 ಸೋಂಕಿತ ಮಹಿಳೆಯರನ್ನು ಪರಿಶೀಲಿಸಿ 21 ಮಂದಿಯಲ್ಲಿ ಮರುಸೋಂಕು ಪತ್ತೆಹಚ್ಚಿದರು. ಅದೇ ಬಗೆಯ ಬದುಕಿನ, ಸೋಂಕಿಲ್ಲದ ಮಹಿಳೆಯರಿಗೆ ಮೊದಲ ಸಲ ಸೋಂಕು ತಗಲುವ ವೇಗಕ್ಕೆ ಹೋಲಿಸಿದರೆ ಇದು ಸುಮಾರು ಅರ್ಧ. ಅಂದರೆ ಮೊದಲ ಸೋಂಕು ಎರಡನೆಯದಕ್ಕೆ ಅರ್ಧ ಬಾಗಿಲು ಹಾಕಿದಂತಿದೆ. ಹಾಕಿದ್ದು ತಾವೋ, ಟಿ ಕೋಶಗಳೋ, ಅಥವಾ ಸೋಂಕು ಹಿಡಿಯಲು ಬೇಕಾದ ಜೀವಕೋಶಗಳೇ ಕರಗಿಹೋದದ್ದೋ, ಅದರ ಶ್ರೇಯಸ್ಸು ಇನ್ನೂ ತೀರ್ಮಾನವಾಗಿಲ್ಲ. ತಾವು ಅರ್ಜಿ ಹಾಕಿಕೊಳ್ಳಲು ಅಡ್ಡಿಯಿಲ್ಲ. ಆದರೆ ಅದಕ್ಕೆ ಮುಂಚೆ ಪಕ್ಕದ ಉಗಾಂಡಾ ನೋಡಿ. ಅಲ್ಲಿನ ರಾಕಾಯ್ ಜಿಲ್ಲೆಯ ಹಳ್ಳಿಗಳಲ್ಲಿ, ಸಾಮಾನ್ಯ ಸಂಸಾರಸ್ಥರ ನಡುವೆ, 149 ಮಂದಿಯಲ್ಲಿ 7 ಜನರಿಗೆ ಮರುಸೋಂಕು ಆಗಿದ್ದುದು 2012ರಲ್ಲಿ ವರದಿಯಾಯಿತು. ಅಲ್ಲಿ ಮರುಸೋಂಕಿನ ವೇಗಕ್ಕೂ ಮೊದಲ ಸೋಂಕಿನ ವೇಗಕ್ಕೂ ಹೆಚ್ಚು ಅಂತರವೇ ಕಾಣಲಿಲ್ಲ. ಒಂದೂರಲ್ಲಿ ಅರ್ಧ ಬಾಗಿಲು, ಇನ್ನೊಂದೂರಲ್ಲಿ ಬಾಗಿಲೇ ಇಲ್ಲ.

ಇನ್ನು ತಮ್ಮ ಬಡ್ತಿಯ ವಿಚಾರ. ತಪ್ಪು ಮಾಡಿದವರಿಗೇ ಬಡ್ತಿ ಸಿಗುವ ಕಚೇರಿಗಳನ್ನು ನಾನು ಕಂಡಿಲ್ಲವೆಂದಲ್ಲ, ಆದರೂ ತಮ್ಮದು ವಿಚಿತ್ರ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿರುವ ಕ್ಯಾಪ್ರಿಸಾ ಸಂಶೋಧನಾ ಕೇಂದ್ರದ ದಾಖಲೆಯಲ್ಲಿ ಕ್ಯಾಪ್256 ಎಂಬ ಸಂಕೇತದ ಒಬ್ಬ ಮಹಿಳೆ ಇದ್ದಾರೆ. ಮೊದಲ ಸೋಂಕಾಗಿ ಸುಮಾರು ಹದಿನೈದು ವಾರಕ್ಕೆ ಅವರಿಗೆ ಎರಡನೇ ವೈರಾಣು ತಗಲಿತು, ಅದೂ ಸಿ ತಳಿಯದೇ. (ನಮ್ಮ ದೇಶದಲ್ಲೂ ಹೆಚ್ಚಾಗಿರುವುದು ಇದೇ ತಳಿ.) ತಮ್ಮ ವೈಫಲ್ಯ ಸ್ಪಷ್ಟ. ಆದರೆ ಆ ಎರಡನೇ ವೈರಾಣುವಿನ ಜೊತೆ ಜಟಾಪಟಿ ಮಾಡುತ್ತ ಮಾಡುತ್ತ ಅವರ ಮೈಯಲ್ಲಿ ತಮ್ಮ ಒಂದು ಶಾಖೆ ಹುಟ್ಟಿತು. ಉದ್ದ ಕೈಯದು. ಸಾಮಾನ್ಯ ಪ್ರತಿಕಾಯದ ಹಿಡಿಯುವ ತುದಿಗಿಂತ ಎರಡು ಪಟ್ಟಿಗೂ ಉದ್ದದ ಕುಣಿಕೆ, ಸಕ್ಕರೆಯ ಕವಚವನ್ನು ತೂರಿ ಒಳಗಿನ ಪ್ರೋಟೀನನ್ನು ಮುಟ್ಟುವಷ್ಟು. ಲೋಕದ ನಾನಾ ಕಡೆಯ ಎಚ್‌ಐವಿಯನ್ನು, ಅದರಲ್ಲೂ ಸಿ ತಳಿಯದನ್ನು, ಅತಿ ಕಡಿಮೆ ಪ್ರಮಾಣದಲ್ಲೇ ಅಡಗಿಸಬಲ್ಲದ್ದು. ವಿಜ್ಞಾನಿಗಳು ಅದನ್ನು ನಕಲು ಮಾಡಿ, ತಿದ್ದಿ, ಬಾಟಲಿಯಲ್ಲಿ ತುಂಬಿ ಮನುಷ್ಯರ ಮೇಲೆ ಪ್ರಯೋಗಕ್ಕೂ ತಂದಿದ್ದಾರೆ.

ಇದನ್ನು ಒಬ್ಬರಲ್ಲಿ ಆದ ಆಕಸ್ಮಿಕವೆಂದು ತಳ್ಳಿಹಾಕುವಂತೆಯೂ ಇಲ್ಲ. ಮೊಂಬಾಸಾದ ಮಹಿಳೆಯರಲ್ಲೇ ನೋಡಿದಾಗ, ಮರುಸೋಂಕಾದವರಲ್ಲಿ ತಮ್ಮ ವ್ಯಾಪ್ತಿ, ಬಲ ಎರಡೂ ಒಂದೇ ಸೋಂಕಿನವರಿಗಿಂತ ಹೆಚ್ಚಿದ್ದುದು 2012ರಲ್ಲಿ ಕಂಡುಬಂತು. ಎರಡು ಸಲ ಸೋತರೆ ತಾವು ಜಾಣರಾಗುತ್ತೀರಿ. ತಮ್ಮ ಈ ಜಾಣತನದ ಫಲ ಆ ಮೈಯ ಒಡತಿಗೆ ಮಾತ್ರ ಸಿಗುವುದಿಲ್ಲ. ಅಷ್ಟರಲ್ಲಿ ಆಕೆಯೊಳಗಿನ ವೈರಾಣು ಮತ್ತೆ ರೂಪ ಬದಲಿಸಿಕೊಂಡಿರುತ್ತದೆ. ಆಕೆಗೆ ಆಸರೆ ಗುಳಿಗೆಯೇ.

ಲಸಿಕೆಯ ಕಥೆಯೂ ಬೇರೆಯಲ್ಲ. 1984ರ ಏಪ್ರಿಲಿನಲ್ಲಿ ಅಮೆರಿಕದ ಆರೋಗ್ಯ ಸಚಿವೆ ಮಾರ್ಗರೆಟ್ ಹೆಕ್ಲರ್ ವಾಷಿಂಗ್ಟನ್ನಿನಲ್ಲಿ ಪತ್ರಕರ್ತರ ಮುಂದೆ ನಿಂತು, ಸುಮಾರು ಎರಡು ವರ್ಷದಲ್ಲಿ ಲಸಿಕೆಯೊಂದು ಪ್ರಯೋಗಕ್ಕೆ ಸಿದ್ಧವಾಗುವ ಭರವಸೆ ಕೊಟ್ಟಿದ್ದರು. ಪಾಪ, ಅವರೂ ತಮ್ಮನ್ನೇ ನಂಬಿದ್ದು. ಆಮೇಲಿನ ಕಥೆ ಉದ್ದ, ಬೇಗ ಮುಗಿಸುತ್ತೇನೆ. ಥಾಯ್ಲೆಂಡಿನಲ್ಲಿ ಹದಿನಾರು ಸಾವಿರ ಜನರ ಮೇಲೆ ನಡೆದ ಪ್ರಯೋಗದಲ್ಲಿ 2009ರಲ್ಲಿ ಶೇ 31ರಷ್ಟು ರಕ್ಷಣೆ ಸಿಕ್ಕಿತು. ಅದೇ ನಮೂನೆಯನ್ನು ತಿದ್ದಿ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಪ್ರಯೋಗವನ್ನು 2020ರಲ್ಲಿ ಅರ್ಧಕ್ಕೇ ನಿಲ್ಲಿಸಿದರು: ಲಸಿಕೆ ಪಡೆದವರಲ್ಲಿ 129 ಸೋಂಕು, ನೀರಿನಂಥ ಹುಸಿ ಚುಚ್ಚುಮದ್ದು ಪಡೆದವರಲ್ಲಿ 123. ಕೊನೆಗೆ ಲಸಿಕೆಯ ಗೊಡವೆಯೇ ಬೇಡವೆಂದು, ವಿಆರ್‌ಸಿ01 ಎಂಬ ತಮ್ಮ ಬಲಾಢ್ಯ ಸಂಬಂಧಿಕರನ್ನು ನೇರವಾಗಿ ರಕ್ತನಾಳಕ್ಕೇ ಎಂಟು ವಾರಕ್ಕೊಮ್ಮೆ ಹನಿಸಿ ನೋಡಿದರು. 2021ರ ಫಲಿತಾಂಶದ ಪ್ರಕಾರ, ಅವರ ಹಿಡಿತಕ್ಕೆ ಸುಲಭವಾಗಿ ಬಗ್ಗುವ ವೈರಾಣುಗಳನ್ನು ಶೇ 75ರಷ್ಟು ತಡೆದರು. ಆದರೆ ಹೊರಗೆ ಓಡಾಡುವ ವೈರಾಣುಗಳಲ್ಲಿ ಬಗ್ಗುವವೇ ಕಡಿಮೆ, ಹಾಗಾಗಿ ಒಟ್ಟು ಲೆಕ್ಕದಲ್ಲಿ ಖಚಿತವೆನ್ನುವಂಥ ರಕ್ಷಣೆ ಕಾಣಲಿಲ್ಲ. ಪ್ರಮಾಣ ಸಾಲದು ಎಂದು ಮೊಂಬಾಸಾದ ಆ ಆರು ಮಹಿಳೆಯರ ರಕ್ತ ಹೇಳಿದ್ದನ್ನೇ, ಕೋಟಿ ಕೋಟಿ ಡಾಲರ್ ಖರ್ಚಿನ ಮೇಲೆ ಮತ್ತೊಮ್ಮೆ ಕೇಳಿಸಿಕೊಂಡಂತಾಯಿತು.

ತಮ್ಮ ಮೇಲಿನ ಸಿಟ್ಟಿನಲ್ಲಿ ನಮ್ಮವರ ಒಂದು ಚಾಳಿಯನ್ನು ಮುಚ್ಚಿಡಬಾರದು. ಮರುಸೋಂಕು ಎಂಬುದು ಗೊತ್ತಾದ ಮೇಲೆ ಸಮಾಲೋಚನೆಯಲ್ಲಿ ಅದೊಂದು ಗುಮ್ಮನಾಯಿತು. ‘ಇಬ್ಬರಿಗೂ ಇದ್ದರೂ ಕಾಂಡೋಮ್ ಬಳಸಲೇಬೇಕು, ಇಲ್ಲದಿದ್ದರೆ ಇನ್ನೂ ಭಯಂಕರ ವೈರಾಣು ಬಂದೀತು’ ಎಂದು ಹೆದರಿಸುವುದು ಸುಲಭ. ಸಂಸಾರ ಹೂಡಿಕೊಂಡಿರುವ ಗಂಡ ಹೆಂಡಿರ ನಡುವೆ ಜೀವನಪರ್ಯಂತ ಒಂದು ಅಪನಂಬಿಕೆಯನ್ನು ಕೂರಿಸಿ ಕಳಿಸುವುದೂ ಸುಲಭ. ಅಪಾಯ ಸುಳ್ಳಲ್ಲ. ಔಷಧಿಗೆ ಬಗ್ಗದ ತಳಿ ಬಂದರೆ ಚೆನ್ನಾಗಿ ನಡೆಯುತ್ತಿದ್ದ ಚಿಕಿತ್ಸೆ ಕೈಕೊಡಬಹುದು. ಕೆಲವರಲ್ಲಿ ವೈರಲ್ ಲೋಡ್ ಏರಿ ಸಿಡಿ4 ಎಂಬ ರಕ್ಷಣಾ ಕೋಶಗಳ ಸಂಖ್ಯೆ ಕುಸಿದದ್ದೂ ಉಂಟು. ಆದರೆ ನಾನು ಮೇಲೆ ಹೇಳಿದ ಮೊಂಬಾಸಾ, ರಾಕಾಯ್, ಜಿನೀವಾ ಕಥೆಗಳೆಲ್ಲ ಹೆಚ್ಚುಕಡಿಮೆ ಗುಳಿಗೆ ಇಲ್ಲದ ಅಥವಾ ನಿಲ್ಲಿಸಿದ ಮೈಗಳ ಕಥೆಗಳು. ನಮ್ಮಲ್ಲಿ 2004ರ ಏಪ್ರಿಲಿನಿಂದ ಎಆರ್‌ಟಿ ಗುಳಿಗೆ ಉಚಿತವಾಗಿ ಸಿಗುತ್ತಿದೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಪಾಸಿಟಿವ್ ಎಂದಾದಕೂಡಲೇ ಗುಳಿಗೆ ಶುರು. ಗಂಡನ ವೈರಲ್ ಲೋಡ್ ಪತ್ತೆಯಾಗದಷ್ಟು ಇಳಿದಿದ್ದರೆ ಆತನಿಂದ ಹೆಂಡತಿಗೆ ಲೈಂಗಿಕ ಸಂಪರ್ಕದಲ್ಲಿ ವೈರಾಣು ದಾಟುವುದಿಲ್ಲ. ಹೆಂಡತಿಯೂ ದಿನಾ ಗುಳಿಗೆ ನುಂಗುತ್ತಿದ್ದರೆ ಆಕೆಯ ರಕ್ತದಲ್ಲಿರುವ ಔಷಧವೇ ಹೊಸ ವೈರಾಣುವಿಗೆ ಅಡ್ಡ ನಿಲ್ಲುತ್ತದೆ. ಸರಿಯಾಗಿ ಔಷಧಿ ತೆಗೆದುಕೊಳ್ಳುವವರಲ್ಲಿ ಮರುಸೋಂಕು ತೀರಾ ಅಪರೂಪ.

ಆ ಹೆಣ್ಣುಮಗಳಿಗೆ ನಾನು ಹೇಳಿದ್ದೂ ಇಷ್ಟೇ. ಅಮ್ಮನ ಹಾಗಲ್ಲ ಇದು, ಒಮ್ಮೆ ಬಂದದ್ದು ಮತ್ತೆ ಬರಬಹುದು. ಆದರೆ ಇಬ್ಬರೂ ಗುಳಿಗೆ ತಪ್ಪಿಸದಿದ್ದರೆ, ಇಬ್ಬರ ವೈರಲ್ ಲೋಡ್ ರಿಪೋರ್ಟೂ ಚೆನ್ನಾಗಿದ್ದರೆ, ನೀವು ನೀವೇ ಇದ್ದೀರಿ ಎಂದಾದರೆ ಆ ಭಯ ಇಟ್ಟುಕೊಳ್ಳಬೇಡ. ಕಬ್ಬು ಕಡಿಯಲು ಊರು ಬಿಟ್ಟಾಗ ಗುಳಿಗೆ ತಪ್ಪುತ್ತದಲ್ಲ, ಆ ತಿಂಗಳುಗಳಲ್ಲಿ ಹುಷಾರಾಗಿರು. ಆಕೆ ಪೊಟ್ಟಣವನ್ನು ಅಲ್ಲೇ ಬಿಟ್ಟು ಹೋಗಲಿಲ್ಲ. ‘ಗುಳಿಗಿ ಬಿಟ್ಟು ಎಷ್ಟು ದಿನಕ್ಕ ಹುಷಾರಾಗಬೇಕ್ರೀ?’ ಎಂದು ಕೇಳಿ, ಗಂಡ ಬಾಗಿಲಲ್ಲಿ ಕಂಡ ಕೂಡಲೇ ಅದನ್ನು ಕೈಚೀಲದ ತಳಕ್ಕೆ ತುರುಕಿಕೊಂಡಳು. ಆ ಉತ್ತರದಲ್ಲಿ ಎಲ್ಲೂ ತಮ್ಮ ಹೆಸರು ಬರಲಿಲ್ಲ ಎಂಬುದನ್ನು ಗಮನಿಸಿರುತ್ತೀರಿ.

ಕೊನೆಯದಾಗಿ ಒಂದು ತಿಳಿವಳಿಕೆ ಪತ್ರ. ತಾವು ನಲವತ್ತು ವರ್ಷದಿಂದ ಖಾಲಿ ಇಟ್ಟುಕೊಂಡಿದ್ದ ಹುದ್ದೆಗೆ ಬೇರೆಯವರು ಬಂದಿದ್ದಾರೆ. ಹೆಸರು ಲೆನಕಪವಿರ್. ಪ್ರೋಟೀನಲ್ಲ, ಪ್ರತಿಕಾಯವಲ್ಲ, ಲಸಿಕೆಯೂ ಅಲ್ಲ. ವೈರಾಣುವಿನ ಒಳಕವಚವನ್ನು ಹಿಡಿದುಕೊಳ್ಳುವ ಒಂದು ರಾಸಾಯನಿಕ. ಆರು ತಿಂಗಳಿಗೊಮ್ಮೆ ಹೊಟ್ಟೆಯ ಚರ್ಮದಡಿ ಚುಚ್ಚಿದರೆ ಸಾಕು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ಸೋಂಕಿಲ್ಲದ 2,134 ಯುವತಿಯರಿಗೆ ಅದನ್ನು ಕೊಟ್ಟರು. 2024ರಲ್ಲಿ ಲೆಕ್ಕ ತೆಗೆದಾಗ ಅವರಲ್ಲಿ ಸೋಂಕಾದವರ ಸಂಖ್ಯೆ ಸೊನ್ನೆ. ರಾಕಾಯ್ ಇರುವುದು ಉಗಾಂಡಾದಲ್ಲಿ, ಡರ್ಬನ್ ಇರುವುದು ದಕ್ಷಿಣ ಆಫ್ರಿಕಾದಲ್ಲಿ ಎಂದು ತಮಗೆ ನೆನಪಿಸುವ ಅಗತ್ಯವಿಲ್ಲ. ಅಮೆರಿಕದಲ್ಲಿ ಅದರ ಬೆಲೆ ವರ್ಷಕ್ಕೆ 28 ಸಾವಿರ ಡಾಲರಿಗೂ ಮೇಲೆ. ಭಾರತದ ಕಂಪನಿಗಳು ತಯಾರಿಸಲಿರುವ ಜೆನೆರಿಕ್ ರೂಪ 2027ರಿಂದ ಬಡ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಸಿಗುವುದೆಂದು ಪ್ರಕಟಣೆಯಾಗಿದೆ. ಸಿಕ್ಕಾಗ ನೋಡೋಣ, ಪ್ರಕಟಣೆಗೂ ನಮ್ಮ ಸ್ಟೋರ್ ರೂಮಿಗೂ ನಡುವಿನ ದಾರಿ ನನಗೆ ಗೊತ್ತು.

ಆದ್ದರಿಂದ ತಾವು ಗೆರೆ ಎಳೆಯುವ ಹಳೆಯ ಕೆಲಸದಲ್ಲೇ ಮುಂದುವರಿಯಬೇಕಾಗಿ ಕೋರಿಕೆ. ಅಲ್ಲಿ ತಮ್ಮ ಸೇವೆ ನಿಜಕ್ಕೂ ಬೇಕು.

ಇತಿ ತಮ್ಮ ವಿಶ್ವಾಸಿ,
ಆಪ್ತ ಸಮಾಲೋಚಕಿ

ತಾ.ಕ.: ಕಾಗದ ಅಂಟಿಸುವ ಹೊತ್ತಿಗೆ ಇನ್ನೊಂದು ಸಂಗತಿ ನೆನಪಾಯಿತು. ಎರಡು ತಿಂಗಳಿಗೊಮ್ಮೆ ಚುಚ್ಚುವ ಕ್ಯಾಬೊಟೆಗ್ರವಿರ್ ಎಂಬ ಇನ್ನೊಂದು ತಡೆಮದ್ದು ತೆಗೆದುಕೊಳ್ಳುತ್ತಿದ್ದವರಲ್ಲಿ ಅಪರೂಪಕ್ಕೆ ಯಾರಿಗಾದರೂ ಸೋಂಕಾದಾಗ, ಔಷಧದ ಹಿಡಿತದಲ್ಲಿ ವೈರಾಣು ತಲೆ ಎತ್ತಲಾಗದೆ, ತಾವು ಹುಟ್ಟಿಕೊಳ್ಳುವುದೇ ವಾರ, ತಿಂಗಳುಗಟ್ಟಲೆ ತಡವಾಯಿತಂತೆ. ಕಿಟ್ಟಿನಲ್ಲಿ ಗೆರೆಯೇ ಬರಲಿಲ್ಲ. ಮಹಜರಿಗೂ ತಡವಾಗಿ ಬಂದರೆ ಹೇಗೆ ಸ್ವಾಮಿ?